ಸ್ಕ್ರಮ್ ಕುಸಿದಾಗ ವಿಸಿಲ್ ಯಾರ ವಿರುದ್ಧ?

2017ರ ಮಾರ್ಚ್ 18. ಪ್ಯಾರಿಸ್ ಹೊರವಲಯದ ಸ್ತಾದ್ ದ ಫ್ರಾನ್ಸ್ ಮೈದಾನದಲ್ಲಿ ಸಿಕ್ಸ್ ನೇಷನ್ಸ್ ಪಂದ್ಯದ ಎಂಬತ್ತು ನಿಮಿಷ ಮುಗಿಯುತ್ತಿದ್ದಾಗ ವೇಲ್ಸ್ ತಂಡ ಫ್ರಾನ್ಸ್ ವಿರುದ್ಧ 18–13ರಿಂದ ಮುಂದಿತ್ತು. ರಗ್ಬಿಯಲ್ಲಿ ಸಮಯ ತೀರಿದ ಮೇಲೆ ಚೆಂಡು ಸತ್ತರೆ ಪಂದ್ಯ ಮುಗಿದಂತೆ. ಆದರೆ ಪೆನಾಲ್ಟಿ ಸಿಕ್ಕರೆ ಆಟ ಮುಂದುವರಿಯುತ್ತದೆ. ವೇಲ್ಸ್‌ನ ಗೋಲ್ ಗೆರೆಯ ಮುಂದೆಯೇ ಸ್ಕ್ರಮ್ ಕಟ್ಟಿದರು, ಕುಸಿಯಿತು, ಮತ್ತೆ ಕಟ್ಟಿದರು, ಮತ್ತೆ ಕುಸಿಯಿತು. ಪೆನಾಲ್ಟಿ ಸಿಕ್ಕಾಗಲೂ ಫ್ರಾನ್ಸ್ ಪುನಃ ಸ್ಕ್ರಮ್ಮನ್ನೇ ಕೇಳಿತು. ವೇಲ್ಸ್ ಪ್ರಾಪ್ ಸ್ಯಾಮ್ಸನ್ ಲೀ ಹಳದಿ ಕಾರ್ಡ್ ಪಡೆದು ಹೊರನಡೆದರು. ಇಷ್ಟಾದರೂ ರೆಫರಿ ವೇಯ್ನ್ ಬಾರ್ನ್ಸ್ ಪೆನಾಲ್ಟಿ ಟ್ರೈ (ಎದುರಾಳಿ ತಪ್ಪು ಮಾಡದಿದ್ದರೆ ಬರುತ್ತಿದ್ದ ಟ್ರೈಯನ್ನು ರೆಫರಿಯೇ ಕೊಡುವುದು) ಕೊಡಲಿಲ್ಲ. ಕೊನೆಗೆ ನೂರನೇ ನಿಮಿಷದಲ್ಲಿ ಡಾಮಿಯನ್ ಶೂಲಿ ಚೆಂಡನ್ನು ಗೆರೆ ದಾಟಿಸಿದರು, ಕಾಮಿಲ್ ಲೋಪೆಜ್ ಕನ್ವರ್ಷನ್ ಒದ್ದರು, ಫ್ರಾನ್ಸ್ 20–18ರಿಂದ ಗೆದ್ದಿತು.

ಬಾರ್ನ್ಸ್ ತಾಳ್ಮೆಯಿಂದ ನಿಯಮ ಪಾಲಿಸಿದರು ಎಂದು ಕೆಲವರು ಮೆಚ್ಚಿದರು. ಇಷ್ಟು ಸಲ ಬೀಳಿಸಿದ ತಂಡಕ್ಕೆ ಪೆನಾಲ್ಟಿ ಟ್ರೈ ಶಿಕ್ಷೆ ಎಂದೋ ಬೀಳಬೇಕಿತ್ತು ಎಂದು ಕೆಲವರು ಸಿಟ್ಟಾದರು. ಇಪ್ಪತ್ತು ನಿಮಿಷ ಹದಿನಾರು ಜನ ಬಾಗುತ್ತ ಏಳುತ್ತ ಇದ್ದದ್ದನ್ನು ಆಟವೆನ್ನಬಹುದೇ ಎಂದು ಇನ್ನು ಕೆಲವರು ಕೇಳಿದರು. ಸ್ಕ್ರಮ್‌ಗೆ ರೆಫರಿ ಹೇಗೆ ತೀರ್ಪು ಕೊಡಬೇಕು ಎಂಬ ಹಳೆಯ ಜಗಳದ ಮೂರೂ ದನಿಗಳು ಅಂದೇ ಕೇಳಿಸಿದವು.

ತಲೆಗಳ ನಡುವೆ ನಡೆಯುವುದು

ನಿಯಮಪುಸ್ತಕದ ಪ್ರಕಾರ ಸ್ಕ್ರಮ್ ಎಂದರೆ ಸಣ್ಣ ತಪ್ಪಿನ ನಂತರ, ಚೆಂಡಿಗಾಗಿ ಪೈಪೋಟಿ ಇಟ್ಟು ಆಟವನ್ನು ಮತ್ತೆ ಶುರುಮಾಡುವ ವಿಧಾನ. ಚೆಂಡು ಕೈಜಾರಿ ಮುಂದಕ್ಕೆ ಬಿದ್ದರೆ ಅಲ್ಲಿ ಸ್ಕ್ರಮ್. ಎರಡೂ ತಂಡಗಳಿಂದ ಎಂಟೆಂಟು ಜನ. ಮುಂದಿನ ಸಾಲಿನಲ್ಲಿ ಇಬ್ಬರು ಪ್ರಾಪ್‌ಗಳು, ನಡುವೆ ಹುಕರ್. ಅವರ ಹಿಂದೆ ಇಬ್ಬರು ಲಾಕ್‌ಗಳು, ಪಕ್ಕಗಳಲ್ಲಿ ಫ್ಲ್ಯಾಂಕರ್‌ಗಳು, ಕೊನೆಯಲ್ಲಿ ನಂಬರ್ ಎಯ್ಟ್. ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ಎಂಟು ಜನರ ತೂಕ ಸೇರಿದರೆ 900 ಕಿಲೋ ಆಸುಪಾಸು.

ಎಡಗಡೆಯ ಪ್ರಾಪ್‌ಗೆ ಲೂಸ್‌ಹೆಡ್ ಎಂದು ಹೆಸರು. ಅವನ ತಲೆಯ ಒಂದು ಬದಿ ಖಾಲಿ ಇರುತ್ತದೆ. ಬಲಗಡೆಯ ಟೈಟ್‌ಹೆಡ್‌ನ ತಲೆ ಎದುರಾಳಿ ಹುಕರ್ ಮತ್ತು ಲೂಸ್‌ಹೆಡ್ ನಡುವೆ ಸಿಕ್ಕಿಕೊಳ್ಳುತ್ತದೆ. ಲೂಸ್‌ಹೆಡ್ ತನ್ನ ಎಡಗೈಯನ್ನು ಎದುರಾಳಿಯ ಬಲಗೈಯ ಒಳಗಿನಿಂದ ತಂದು ಅವನ ಬೆನ್ನು ಅಥವಾ ಪಕ್ಕೆಯ ಜೆರ್ಸಿ ಹಿಡಿಯಬೇಕು. ಟೈಟ್‌ಹೆಡ್ ಹೊರಗಿನಿಂದ ಹಿಡಿಯಬೇಕು. ತೋಳು, ತೋಳುಪಟ್ಟಿ, ಕಾಲರ್ ಹಿಡಿಯುವಂತಿಲ್ಲ. ಭುಜ ಸೊಂಟಕ್ಕಿಂತ ಕೆಳಗಿಳಿಯಬಾರದು. ತಳ್ಳುವುದು ನೇರವಾಗಿ, ನೆಲಕ್ಕೆ ಸಮಾನಾಂತರವಾಗಿ ಇರಬೇಕು.

ಬರೆದಿಡಲು ಇದೆಲ್ಲ ಸರಳ. ಈಗ ಒಂದು ಕುಸಿತವನ್ನು ಹತ್ತಿರದಿಂದ ನೋಡೋಣ. ಲೂಸ್‌ಹೆಡ್‌ನ ಮೊಣಕೈ ನೆಲದ ಕಡೆ ಜಗ್ಗುತ್ತದೆ, ಅವನ ಮೊಣಕಾಲು ಹುಲ್ಲಿಗೆ ತಾಕುತ್ತದೆ, ಸ್ಕ್ರಮ್ ಬೀಳುತ್ತದೆ. ಅವನೇ ಎಳೆದು ಬೀಳಿಸಿದ ಎನ್ನುವುದು ಮೊದಲ ನೋಟದ ತೀರ್ಪು. ಆದರೆ ಅದೇ ಕ್ಷಣದಲ್ಲಿ ಟೈಟ್‌ಹೆಡ್ ಸೊಂಟವನ್ನು ಹೊರಗೆ ಹಾಕಿ, ತಲೆಯನ್ನು ಓರೆಯಾಗಿ ಹುಕರ್‌ನ ಪಕ್ಕೆಗೆ ನುಗ್ಗಿಸಿದ್ದರೆ ಲೂಸ್‌ಹೆಡ್‌ಗೆ ಆನಿಸಲು ಎದುರಿಗೆ ಭುಜವೇ ಇರುವುದಿಲ್ಲ. ಅವನು ಬೀಳಲೇಬೇಕು. ಅಥವಾ ಇಬ್ಬರೂ ನಿಯತ್ತಾಗಿ ತಳ್ಳುತ್ತಿರುವಾಗ ಹುಲ್ಲಿನ ಹೆಂಟೆ ಕಿತ್ತು ಕಾಲು ಜಾರಿರಬಹುದು. ಮೂರಕ್ಕೂ ಕಾಣುವ ಚಿತ್ರ ಒಂದೇ: ನೆಲದ ಮೇಲೆ ಒಂದು ಮೊಣಕಾಲು. ಶಿಕ್ಷೆ ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಒಂದು ತಂಡದ ಮೇಲೆ ಪೆನಾಲ್ಟಿ, ಎರಡನೆಯದಕ್ಕೆ ಇನ್ನೊಂದರ ಮೇಲೆ, ಮೂರನೆಯದಕ್ಕೆ ಮರುಸ್ಕ್ರಮ್. ಅದೂ ರೆಫರಿ ನಿಂತಿರುವುದು ಒಂದು ಬದಿಯಲ್ಲಿ. ಆಚೆ ಬದಿ ಅವನ ಕಣ್ಣಿಗೆ ಬೀಳುವುದಿಲ್ಲ.

ಕರ್ನಾಟಕದ ಬಹುತೇಕ ಓದುಗರು ಟಿವಿಯಲ್ಲಿ ಕಂಡ ರಗ್ಬಿ ಏಳು ಜನರ ‘ಸೆವೆನ್ಸ್’. 2025ರ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದೂ ಅದೇ ಬಗೆ. ಅಲ್ಲಿ ಸ್ಕ್ರಮ್ ಮೂರು ಮೂರು ಜನರದು, ಕಟ್ಟಿದ ಕೆಲವೇ ಕ್ಷಣಗಳಲ್ಲಿ ಚೆಂಡು ಹೊರಗೆ. ಹದಿನೈದು ಜನರ ಆಟದ ಸ್ಕ್ರಮ್‌ನ ಭಾರ, ಅದರೊಳಗಿನ ಕುತಂತ್ರ, ಅದು ಪಂದ್ಯದ ಹಣೆಬರಹ ಬದಲಿಸುವ ರೀತಿ ಸೆವೆನ್ಸ್‌ನಲ್ಲಿ ಕಾಣಸಿಗುವುದಿಲ್ಲ.

ಹಳೆಯ ಜಗಳ

1871ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದಾಗ ಒಂದೊಂದು ತಂಡದಲ್ಲಿ ಇಪ್ಪತ್ತು ಜನ. ಸ್ಕ್ರಮ್ ಎಂದರೆ ಚೆಂಡಿನ ಸುತ್ತ ನಿಂತೇ ತಳ್ಳಾಡುವ ಗುಂಪು. 1877ರಿಂದ ತಂಡ ಹದಿನೈದಕ್ಕೆ ಇಳಿಯಿತು. ಆಗಲೂ ಬಹುಕಾಲ ಮುಂದಿನ ಸಾಲಿಗೆ ಇಂಥವನೇ ಎಂಬ ಕಟ್ಟಳೆ ಇರಲಿಲ್ಲ, ಮೊದಲು ಬಂದವನು ಮೊದಲು ತಲೆ ಹಾಕುತ್ತಿದ್ದ.

ರೆಫರಿಗಿರಿಯ ಮೊದಲ ದೊಡ್ಡ ವಿವಾದ ತಂದವರು 1905ರಲ್ಲಿ ಬ್ರಿಟನ್ ಪ್ರವಾಸ ಮಾಡಿದ ನ್ಯೂಜಿಲೆಂಡಿನವರು. ಅವರ ಸ್ಕ್ರಮ್ 2–3–2 ಕ್ರಮದಲ್ಲಿ ಏಳು ಜನರದು. ಎಂಟನೆಯವನಾಗಿ ನಾಯಕ ಡೇವ್ ಗಾಲಹರ್ ಹೊರಗೆ ನಿಂತು ಚೆಂಡು ಹಾಕುತ್ತಿದ್ದರು, ಬಳಿಕ ಹಿಂದಿನಿಂದ ಚೆಂಡು ಎತ್ತಿಕೊಳ್ಳುವ ತಮ್ಮ ಸ್ಕ್ರಮ್ ಹಾಫ್‌ಗೆ ಗೋಡೆಯಂತೆ ನಿಲ್ಲುತ್ತಿದ್ದರು. ಇದು ಅಡ್ಡಗಟ್ಟುವ ಅಪರಾಧ ಎಂದು ಬ್ರಿಟಿಷ್ ಪತ್ರಿಕೆಗಳು ಕೂಗಿದವು, ನಿಯಮ ಅದನ್ನು ನಿಷೇಧಿಸಿಲ್ಲ ಎಂದು ನ್ಯೂಜಿಲೆಂಡ್ ಉತ್ತರಿಸಿತು. ಬ್ರಿಟನ್–ಐರ್ಲೆಂಡ್ ಸಂಯುಕ್ತ ತಂಡವಾದ ಲಯನ್ಸ್‌ನ 1930ರ ಪ್ರವಾಸದ ವ್ಯವಸ್ಥಾಪಕ ಜೇಮ್ಸ್ ಬ್ಯಾಕ್ಸ್‌ಟರ್ ಈ ಪದ್ಧತಿಯನ್ನು ಬಹಿರಂಗವಾಗಿ ಖಂಡಿಸಿದ ಮೇಲೆ ಮುಂದಿನ ಸಾಲಿಗೆ ಮೂವರು ಎಂಬ ನಿಯಮ ಬಿಗಿಯಾಯಿತು, 2–3–2 ಕಣ್ಮರೆಯಾಯಿತು.

ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ನಲ್ಲಿ 3–4–1 ಕ್ರಮ ಬೆಳೆಯುತ್ತಿತ್ತು. ಇಂದು ಜಗತ್ತೆಲ್ಲ ಬಳಸುವುದು ಅದನ್ನೇ. 1937ರಲ್ಲಿ ನ್ಯೂಜಿಲೆಂಡ್ ನೆಲದಲ್ಲಿ ನಿರ್ಣಾಯಕ ಟೆಸ್ಟ್‌ಗೆ ಮೊದಲು ಹಿರಿಯ ಆಟಗಾರ ಪಾಲ್ ರೂಸ್ ದಕ್ಷಿಣ ಆಫ್ರಿಕಾ ತಂಡಕ್ಕೆ ತಂತಿ ಕಳಿಸಿ, ಸ್ಕ್ರಮ್ಮನ್ನೇ ನೆಚ್ಚಿಕೊಳ್ಳಿ ಎಂದರು. ಚೆಂಡು ಬದಿಗೆರೆ ದಾಟಿದಾಗ ಲೈನ್‌ಔಟ್ ಬದಲು ಸ್ಕ್ರಮ್ ಕೇಳುವ ಅವಕಾಶ ಅಂದಿನ ನಿಯಮದಲ್ಲಿತ್ತು. ತಂಡ ಮತ್ತೆ ಮತ್ತೆ ಅದನ್ನೇ ಕೇಳಿ 17–6ರಿಂದ ಗೆದ್ದಿತು. ಮುಂದೆ ಅರ್ಜೆಂಟೀನಾದ ಸಾನ್ ಇಸಿದ್ರೊ ಕ್ಲಬ್‌ನಲ್ಲಿ ಫ್ರಾನ್ಸಿಸ್ಕೊ ಒಕಾಂಪೊ ಎಂಟೂ ಜನ ಒಂದೇ ಕ್ಷಣಕ್ಕೆ ತಳ್ಳುವ ‘ಬಹಾದಾ’ ತಂತ್ರ ಕಲಿಸಿದರು, ವೇಲ್ಸ್‌ನ ಪಾಂಟಿಪೂಲ್ ಕ್ಲಬ್‌ನ ಫಾಕ್ನರ್, ವಿಂಡ್ಸರ್, ಪ್ರೈಸ್ ಮೂವರ ಮುಂದಿನ ಸಾಲು ಹೆಸರಾಯಿತು. ಹೀಗೆ ಆಟ ಶುರುಮಾಡುವ ವಿಧಾನವೊಂದು ಆಟ ಗೆಲ್ಲುವ ಆಯುಧವಾಯಿತು. ರೆಫರಿಗಳ ಕಷ್ಟದ ಬೇರು ಇರುವುದು ಇಲ್ಲಿ.

ಕೋರ್ಟು ಮೆಟ್ಟಿಲೇರಿದ ಎರಡು ಕುಸಿತಗಳು

ಸುರಕ್ಷತೆಯ ಪ್ರಶ್ನೆಯನ್ನು ರಗ್ಬಿಯ ಒಳಗಿನವರಿಗಿಂತ ಖಡಾಖಂಡಿತವಾಗಿ ಎತ್ತಿದ್ದು ನ್ಯಾಯಾಲಯಗಳು. 1991ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನ ಕಿರಿಯರ ಪಂದ್ಯವೊಂದರಲ್ಲಿ ಸ್ಕ್ರಮ್ ಅಸಹಜ ಸಂಖ್ಯೆಯಲ್ಲಿ ಕುಸಿಯುತ್ತಲೇ ಇತ್ತು. ಕೊನೆಗೊಂದು ಕುಸಿತದಲ್ಲಿ ಬೆನ್ ಸ್ಮೋಲ್ಡನ್ ಎಂಬ 17 ವರ್ಷದ ಹುಕರ್‌ನ ಕತ್ತು ಮುರಿದು ದೇಹ ನಿಶ್ಚಲವಾಯಿತು. ಹಂತಹಂತವಾಗಿ ಬಾಗಿ, ಮುಟ್ಟಿ, ತಡೆದು, ಆಮೇಲೆ ಕೂಡಿಕೊಳ್ಳುವ ಕ್ರಮ ಕಿರಿಯರ ಪಂದ್ಯಗಳಿಗೆ ಆಗಲೇ ಕಡ್ಡಾಯವಾಗಿತ್ತು. ರೆಫರಿ ಅದನ್ನು ಜಾರಿ ಮಾಡಲಿಲ್ಲ, ಹಾಗಾಗಿ ಆಟಗಾರನ ಬಗೆಗಿನ ಹೊಣೆ ಮುರಿದರು ಎಂದು ಕೋರ್ಟು ತೀರ್ಮಾನಿಸಿತು. 1996ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಎರಡನೆಯದು 1998ರ ಜನವರಿಯಲ್ಲಿ ವೇಲ್ಸ್‌ನ ಲಾನ್‌ಹಾರನ್ ಕ್ಲಬ್‌ನ ಪಂದ್ಯ. ಪ್ರಾಪ್ ಒಬ್ಬರ ಭುಜ ಕಳಚಿತು, ತರಬೇತಿ ಇದ್ದ ಬದಲಿ ಆಟಗಾರ ಇರಲಿಲ್ಲ. ತಳ್ಳಾಟವಿಲ್ಲದ ಸ್ಕ್ರಮ್‌ಗೆ ರೆಫರಿ ಅವಕಾಶ ಕೊಟ್ಟರು, ಆದರೆ ಹಾಗೆ ಆಡಿ ಗೆದ್ದರೆ ಲೀಗ್ ಅಂಕ ಸಿಗುವುದಿಲ್ಲ. ತಂಡ ಒಬ್ಬ ಫ್ಲ್ಯಾಂಕರನ್ನೇ ಮುಂದಿನ ಸಾಲಿಗೆ ತಂದಿತು. ಹೆಚ್ಚುವರಿ ಸಮಯದ ಕೊನೆಯ ಸ್ಕ್ರಮ್‌ನಲ್ಲಿ ಹುಕರ್ ರಿಚರ್ಡ್ ವೌಲ್ಸ್‌ರ ಬೆನ್ನುಹುರಿಗೆ ಪೆಟ್ಟು ಬಿತ್ತು. ಆ ಆಯ್ಕೆಯನ್ನು ತಂಡಕ್ಕೆ ಬಿಟ್ಟದ್ದೇ ತಪ್ಪು, ನಿರ್ಧಾರ ರೆಫರಿಯದ್ದಾಗಬೇಕಿತ್ತು ಎಂದಿತು ಕೋರ್ಟು. 2003ರಲ್ಲಿ ಮೇಲ್ಮನವಿ ತಿರಸ್ಕೃತವಾಗಿ ವೇಲ್ಸ್ ರಗ್ಬಿ ಯೂನಿಯನ್ ಹೊಣೆ ಹೊತ್ತಿತು.

ಇವೆರಡರ ನಂತರ ಯಾವ ರೆಫರಿಯೂ ಸ್ಕ್ರಮ್ಮನ್ನು ಬರೀ ತಾಂತ್ರಿಕ ಸಂಗತಿ ಎಂದು ನೋಡಲು ಸಾಧ್ಯವಿಲ್ಲ. ಇಂದು ಮುಂದಿನ ಸಾಲಿಗೆ ತರಬೇತಾದವರು ಇಲ್ಲದಿದ್ದರೆ ತಳ್ಳಾಟವಿಲ್ಲದ ಸ್ಕ್ರಮ್ ಆಗಲೇಬೇಕು. ಹತ್ತೊಂಬತ್ತರೊಳಗಿನ ಕಿರಿಯರು ಒಂದೂವರೆ ಮೀಟರ್‌ಗಿಂತ ಹೆಚ್ಚು ತಳ್ಳುವಂತಿಲ್ಲ.

ಡಿಕ್ಕಿ ಹೋಯಿತು, ಹಿಡಿತ ಬಂತು

2000ದ ದಶಕದಲ್ಲಿ ಸ್ಕ್ರಮ್ ಎಂದರೆ ಡಿಕ್ಕಿ. ದೂರದಿಂದ ಮೊದಲು ಅಪ್ಪಳಿಸಿದವನೇ ಗೆದ್ದ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದಾಗ ಗಣ್ಯ ಪುರುಷರ ಸ್ಕ್ರಮ್ ಕೂಡುವ ಕ್ಷಣದ ಗರಿಷ್ಠ ಬಲ 16.5 ಕಿಲೋನ್ಯೂಟನ್ ಬಂದಿತ್ತು, ಅಂದರೆ ಒಂದೂವರೆ ಟನ್‌ಗೂ ಮಿಕ್ಕ ಭಾರ. 2007ರಲ್ಲಿ ಎಲ್ಲ ಹಂತಗಳಿಗೂ ನಾಲ್ಕು ಅಪ್ಪಣೆಗಳ ಕ್ರಮ ಬಂತು: ಕ್ರೌಚ್, ಟಚ್, ಪಾಜ್, ಎಂಗೇಜ್. 2012ರಲ್ಲಿ ಅದು ಮೂರಾಯಿತು. 2013ರಲ್ಲಿ ಬಾತ್ ಸಂಶೋಧನೆಯ ಆಧಾರದಲ್ಲಿ ಕ್ರೌಚ್, ಬೈಂಡ್, ಸೆಟ್ ಬಂತು: ಬಾಗು, ಹಿಡಿ, ಕೂಡು. ಮೊದಲೇ ಜೆರ್ಸಿ ಹಿಡಿದು ನಿಂತದ್ದರಿಂದ ಅಂತರ ಕುಗ್ಗಿತು, ಡಿಕ್ಕಿಯ ಬಲ ಶೇ. 25ರವರೆಗೆ ತಗ್ಗಿತು. ಸುರಕ್ಷತೆಯ ಮಟ್ಟಿಗೆ ಇದು ದೊಡ್ಡ ಗೆಲುವು. ಇದಕ್ಕೂ ಮೊದಲು ನ್ಯೂಜಿಲೆಂಡ್ 2001ರಲ್ಲಿ ಆರಂಭಿಸಿದ್ದ ರಗ್ಬಿಸ್ಮಾರ್ಟ್ ತರಬೇತಿಯೂ ಸ್ಕ್ರಮ್‌ನ ಬೆನ್ನುಹುರಿ ಗಾಯಗಳನ್ನು ಇಳಿಸಿತ್ತು. ಹಿಂದಿನ ಲೆಕ್ಕದಂತೆ ಒಂಬತ್ತು ನಿರೀಕ್ಷಿಸಿದ್ದ ಅವಧಿಯಲ್ಲಿ ಆದದ್ದು ಒಂದು. ಅಂದರೆ ಸುರಕ್ಷತೆ ಹುಟ್ಟುವುದು ತರಬೇತಿಯಲ್ಲಿ. ವಿಸಿಲ್ ಆಮೇಲಿನದು.

ಆದರೆ ಡಿಕ್ಕಿ ತಗ್ಗಿದಾಗ ಗೆಲ್ಲುವ ದಾರಿ ಬದಲಾಯಿತು. ಕೂಡಿದ ನಂತರದ ಕೋನ, ಹಿಡಿತ, ಎಳೆತ ಮುಖ್ಯವಾದವು. ಹಿಡಿದು ನಿಂತ ಘಳಿಗೆಯಲ್ಲೇ ಎದುರಾಳಿಯ ಮೇಲೆ ಭಾರ ಹೇರುವ ಚಾಳಿ ಬೆಳೆಯಿತು. ಅದನ್ನು ತಡೆಯಲು ಹುಕರ್ ಒಂದು ಕಾಲನ್ನು ಮುಂದಿಟ್ಟು ಭಾರ ತಡೆಯಬೇಕೆಂಬ ‘ಬ್ರೇಕ್ ಫುಟ್’ ನಿಯಮ 2022ರಲ್ಲಿ ಬಂತು.

ಅಕ್ಷರಶಃ ಜಾರಿ ಮಾಡಿ ಎನ್ನುವವರು

ಈಗ ವಾದಗಳಿಗೆ ಬರೋಣ. ಹೊಸ ನಿಯಮ ಬೇಡ, ಇರುವುದನ್ನು ಪಾಲಿಸಿ ಎನ್ನುತ್ತದೆ ಮೊದಲ ಪಂಥ. ಇದರ ಗಟ್ಟಿ ದನಿ ಇಂಗ್ಲೆಂಡಿನ ಮಾಜಿ ಹುಕರ್ ಬ್ರಯಾನ್ ಮೂರ್. ಸ್ಕ್ರಮ್ ಹಾಫ್ ಚೆಂಡನ್ನು ಎರಡು ಮುಂದಿನ ಸಾಲುಗಳ ನಡುವಿನ ಸುರಂಗಕ್ಕೆ ನೇರವಾಗಿ ಹಾಕಬೇಕು. ಹಾಕಿದರೆ ಇಬ್ಬರು ಹುಕರ್‌ಗಳೂ ಕಾಲೆತ್ತಿ ಚೆಂಡು ಎಳೆಯಬೇಕಾಗುತ್ತದೆ. ಒಂಟಿಕಾಲಲ್ಲಿ ನಿಂತವನು ಪೂರ್ತಿ ತಳ್ಳಲಾರ. ಹಾಗಾಗಿ ಸ್ಕ್ರಮ್ ಪುನಃ ಚೆಂಡಿನ ಪೈಪೋಟಿಯಾಗುತ್ತದೆ, ಬರೀ ತಳ್ಳಾಟ ನಿಲ್ಲುತ್ತದೆ. ಈ ವಾದದ ಶಕ್ತಿ ಅದರ ತರ್ಕದಲ್ಲಿದೆ.

ಆದರೆ ಅನುಭವ ಬೇರೆ ಹೇಳಿತು. 2013–14ರ ಆರಂಭದಲ್ಲಿ ರೆಫರಿಗಳು ಓರೆ ಚೆಂಡಿಗೆ ಶಿಕ್ಷೆ ಕೊಟ್ಟರು, ಕೆಲ ತಿಂಗಳಲ್ಲಿ ಕೈಬಿಟ್ಟರು. ಕಾರಣ ಸರಳ: ಚೆಂಡು ಹಾಕುವ ತಂಡದ ಹುಕರ್ ಕಾಲೆತ್ತಿದ ಕ್ಷಣ ಎದುರಾಳಿ ಎಂಟೂ ಜನ ತಳ್ಳಿದರೆ, ಚೆಂಡು ಹಾಕುವುದೇ ಶಿಕ್ಷೆಯಾಗುತ್ತದೆ. 2017ರಲ್ಲಿ ರಾಜಿ ಆಯಿತು. ಸ್ಕ್ರಮ್ ಹಾಫ್ ತನ್ನ ಕಡೆಗೆ ಒಂದು ಭುಜದಷ್ಟು ಸರಿದು ನಿಲ್ಲಬಹುದು, ಚೆಂಡು ನೇರ ಹಾಕಬೇಕು, ಮುಂದಿನ ಸಾಲಿನ ಒಬ್ಬ ಚೆಂಡಿಗೆ ಕಾಲು ಹಾಕಲೇಬೇಕು. ಇಂದು ಟಿವಿಯಲ್ಲಿ ನೋಡಿ: ಚೆಂಡು ಬಹುಪಾಲು ಲಾಕ್‌ಗಳ ಕಾಲಿಗೇ ಹೋಗುತ್ತದೆ, ವಿಸಿಲ್ ಊದುವವರು ಅಪರೂಪ. ಎಲ್ಲರ ಕಣ್ಣಿಗೆ ಬೀಳುವ ತಪ್ಪನ್ನು ಬಿಟ್ಟು, ಯಾರ ಕಣ್ಣಿಗೂ ಬೀಳದ ತಪ್ಪಿಗೆ ದಂಡ ವಿಧಿಸುವುದು ರೆಫರಿಗಿರಿಯ ಮೇಲಿನ ನಂಬಿಕೆಯನ್ನೇ ತಿನ್ನುತ್ತದೆ ಎಂಬ ಮೂರ್ ಅವರ ದೂರು ನನಗೂ ಸರಿಯೆನಿಸುತ್ತದೆ.

ಬಲಕ್ಕೆ ಬೆಲೆ ಬೇಕು ಎನ್ನುವವರು

ಎರಡನೆಯದು ದಕ್ಷಿಣ ಆಫ್ರಿಕಾ, ಅರ್ಜೆಂಟೀನಾ, ಜಾರ್ಜಿಯಾ, ಫ್ರಾನ್ಸ್‌ಗಳಲ್ಲಿ ಬಲವಾಗಿರುವ ಪಂಥ. ರಗ್ಬಿಯ ಸೊಗಸೇ ಎಲ್ಲ ಬಗೆಯ ದೇಹಗಳಿಗೂ ಅಲ್ಲಿ ಕೆಲಸ ಇರುವುದು. 120 ಕಿಲೋದ ಪ್ರಾಪ್ ವಾರವಿಡೀ ಬೆವರು ಹರಿಸಿ ಎದುರಾಳಿಯನ್ನು ಹಿಂದಕ್ಕೆ ತಳ್ಳಿದರೆ ಅದಕ್ಕೆ ಫಲ ಸಿಗಬೇಕು. ಸೋಲುತ್ತಿರುವ ಪ್ರಾಪ್ ಸ್ಕ್ರಮ್ ಬೀಳಿಸಿ ಪಾರಾಗಲು ನೋಡುತ್ತಾನೆ, ಅವನನ್ನು ತಡೆಯುವುದು ಪೆನಾಲ್ಟಿಯೊಂದೇ. ಅದನ್ನು ತೆಗೆದರೆ ಸ್ಕ್ರಮ್ ರಗ್ಬಿ ಲೀಗ್‌ನಲ್ಲಿ ಆದಂತೆ ಬರೀ ಶಾಸ್ತ್ರಕ್ಕೆ ಉಳಿಯುತ್ತದೆ ಎಂಬ ಭಯ ಇವರದು, ಅದು ಹುಸಿ ಭಯವಲ್ಲ. 1895ರಲ್ಲಿ ಕವಲೊಡೆದ ಆ ಆಟದಲ್ಲಿ ಸ್ಕ್ರಮ್ ಹೆಸರಿಗಷ್ಟೇ ಇದೆ.

ಈ ಪಂಥಕ್ಕೆ 2019ರ ವಿಶ್ವಕಪ್ ಫೈನಲ್ ಹೆಮ್ಮೆಯ ಸಾಕ್ಷಿ. ಯೊಕೊಹಾಮಾದಲ್ಲಿ ಇಂಗ್ಲೆಂಡಿನ ಟೈಟ್‌ಹೆಡ್ ಕೈಲ್ ಸಿಂಕ್ಲರ್ ಮೂರನೇ ನಿಮಿಷಕ್ಕೇ ತಲೆಗೆ ಪೆಟ್ಟಾಗಿ ಹೊರಹೋದರು. ಬದಲಿಗೆ ಬಂದ ಡ್ಯಾನ್ ಕೋಲ್ ಎದುರು ದಕ್ಷಿಣ ಆಫ್ರಿಕಾದ ತೆಂಡಾಯ್ ಮ್ತಾವರೀರಾ ಪೆನಾಲ್ಟಿಯ ಮೇಲೆ ಪೆನಾಲ್ಟಿ ಗೆದ್ದರು. ದಕ್ಷಿಣ ಆಫ್ರಿಕಾ 32–12ರಿಂದ ಕಪ್ ಎತ್ತಿತು.

ಆದರೆ ಅದೇ ಮ್ತಾವರೀರಾ 2009ರ ಜೂನ್‌ನಲ್ಲಿ ಡರ್ಬನ್‌ನ ಲಯನ್ಸ್ ಟೆಸ್ಟ್‌ನಲ್ಲಿ ಎದುರಾಳಿ ಪ್ರಾಪ್ ಫಿಲ್ ವಿಕರಿಯನ್ನು ಮೇಲಕ್ಕೆತ್ತಿ ಹಿಂದಕ್ಕಟ್ಟಿದಾಗ ಅಷ್ಟು ಒಮ್ಮತ ಇರಲಿಲ್ಲ. ವಿಕರಿಗೆ ಮತ್ತೆ ಮತ್ತೆ ಶಿಕ್ಷೆ ಬಿತ್ತು. ಮ್ತಾವರೀರಾ ಓರೆಯಾಗಿ ನುಗ್ಗುತ್ತಿದ್ದಾರೆ ಎಂಬ ದೂರು ಅಂದೇ ಎದ್ದಿತು. ಆ್ಯಡಮ್ ಜೋನ್ಸ್ ಬದಲಿಗೆ ಬಂದ ಮೇಲೆ ಲಯನ್ಸ್ ಸ್ಕ್ರಮ್ ನಿಂತಿತು. ಲಯನ್ಸ್ 26–21ರಿಂದ ಸೋತ ಆ ಪಂದ್ಯ ಬಲದ ಗೆಲುವೋ ಕೋನದ ಗೆಲುವೋ ಎಂಬುದಕ್ಕೆ ಪ್ರಾಪ್‌ಗಳ ನಡುವೆಯೇ ಒಂದು ಉತ್ತರವಿಲ್ಲ. 2023ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ 15–6ರಿಂದ ಮುಂದಿದ್ದ ಇಂಗ್ಲೆಂಡ್ ದಕ್ಷಿಣ ಆಫ್ರಿಕಾ ಎದುರು ಸೋತದ್ದೂ ಹೀಗೆ. ಕೊನೆಯ ನಿಮಿಷಗಳಲ್ಲಿ ಎಲಿಸ್ ಗೆಂಜ್ ವಿರುದ್ಧ ಸ್ಕ್ರಮ್ ಪೆನಾಲ್ಟಿ, ಸುಮಾರು 50 ಮೀಟರ್‌ನಿಂದ ಹ್ಯಾಂಡ್ರೆ ಪೊಲಾರ್ಡ್ ಒದೆತ, 16–15. ಒಂದು ಮೊಣಕಾಲಿನ ವ್ಯಾಖ್ಯಾನ ಫೈನಲಿಸ್ಟನ್ನು ನಿರ್ಧರಿಸಿತು.

ಆಟ ಸಾಗಲಿ ಎನ್ನುವವರು

ಮೂರನೆಯ ಪಂಥದ ಪ್ರಕಾರ ಸ್ಕ್ರಮ್‌ನ ಉದ್ದೇಶ ಚೆಂಡನ್ನು ಆಟಕ್ಕೆ ತರುವುದು. ಚೆಂಡು ನಂಬರ್ ಎಯ್ಟ್ ಕಾಲಬುಡದಲ್ಲಿ ಸಿಗುವಂತಿದ್ದರೆ ಸ್ಕ್ರಮ್ ಬಿದ್ದರೂ ಆಡಿ ಎನ್ನಬೇಕು. ಚೆಂಡು ಕಾಲಬುಡದಲ್ಲೇ ಇಟ್ಟುಕೊಂಡು ಪೆನಾಲ್ಟಿಗಾಗಿ ಕಾಯುವ ತಂಡಗಳ ಬಗ್ಗೆ ಇವರ ಆಕ್ಷೇಪ. ಜಾರಿದ ಚೆಂಡಿನಂಥ ಸಣ್ಣ ತಪ್ಪಿನಿಂದ ಹುಟ್ಟಿದ ಸ್ಕ್ರಮ್ ಮೂರು ಅಂಕ ತರುವುದು ಯಾವ ನ್ಯಾಯ? ತಾಂತ್ರಿಕ ತಪ್ಪಿಗೆ ಗೋಲಿಗೆ ನೇರ ಒದೆಯಲಾಗದ ಫ್ರೀ ಕಿಕ್ ಸಾಕು, ಅಪಾಯಕಾರಿ ತಪ್ಪಿಗಷ್ಟೇ ಪೆನಾಲ್ಟಿ ಇರಲಿ ಎನ್ನುವುದು ಇವರ ಬೇಡಿಕೆ.

ಇತ್ತೀಚಿನ ಬದಲಾವಣೆಗಳು ಈ ದಿಕ್ಕಿನವು. ಗುರುತು ಮಾಡಿದ 30 ಸೆಕೆಂಡಿನೊಳಗೆ ತಂಡಗಳು ಸ್ಕ್ರಮ್‌ಗೆ ಸಿದ್ಧವಾಗಬೇಕು, ತಪ್ಪಿದರೆ ಫ್ರೀ ಕಿಕ್. ಕೋವಿಡ್ ಕಾಲದಲ್ಲಿ ಸೋಂಕಿನ ಭಯದಿಂದ ಮರುಸ್ಕ್ರಮ್ಮನ್ನೇ ಕೈಬಿಡುವ ಐಚ್ಛಿಕ ನಿಯಮವನ್ನು ಆಟದ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ರಗ್ಬಿ ಕೊಟ್ಟಿತ್ತು. 2023ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ದಕ್ಷಿಣ ಆಫ್ರಿಕಾದ ಡೇಮಿಯನ್ ವಿಲ್ಲೆಮ್ಸೆ ತಮ್ಮದೇ 22 ಮೀಟರ್ ಒಳಗೆ ಚೆಂಡು ಹಿಡಿದು ‘ಮಾರ್ಕ್’ ಕೂಗಿ ಫ್ರೀ ಕಿಕ್ ಪಡೆದು, ಒದೆಯುವ ಬದಲು ಸ್ಕ್ರಮ್ ಕೇಳಿದರು. ರಗ್ಬಿ ಲೋಕವೇ ಬೆರಗಾಯಿತು. 2024ರ ಜುಲೈ 1ರಿಂದ ಫ್ರೀ ಕಿಕ್ ಬದಲು ಸ್ಕ್ರಮ್ ಕೇಳುವ ಅವಕಾಶವನ್ನು ತೆಗೆದುಹಾಕಿದರು. 1937ರ ತಂತಿಯ ಕಾಲದಿಂದ ಬಂದ ಮನೋಧರ್ಮಕ್ಕೆ ಇದೊಂದು ಪೆಟ್ಟು.

ಈ ಪಂಥಕ್ಕೆ ಉತ್ತರಿಸಲಾಗದ ಒಂದು ಪ್ರಶ್ನೆಯಿದೆ. ಶಿಕ್ಷೆ ಹಗುರವಾದರೆ ಸೋಲುವ ಪ್ರಾಪ್ ಇನ್ನೂ ಧೈರ್ಯವಾಗಿ ಬೀಳಿಸುವುದಿಲ್ಲವೇ? ಬೀಳುವ ಸ್ಕ್ರಮ್‌ನ ಅಪಾಯ ಎಂಥದೆಂದು ಸ್ಮೋಲ್ಡನ್ ಪ್ರಕರಣ ತೋರಿಸಿದೆ. ಆದ್ದರಿಂದ ನನ್ನ ಒಲವು ಇಷ್ಟು: ಮೇಲುಗೈಗೆ ಚೆಂಡು ಮತ್ತು ನೆಲ ಬಹುಮಾನವಾಗಲಿ, ಅಂಕ ಬೇಡ, ಪೆನಾಲ್ಟಿಯನ್ನು ರೆಫರಿ ತಾನು ಕಂಡ ತಪ್ಪಿಗೆ ಕೊಡಲಿ, ಊಹಿಸಿದ ತಪ್ಪಿಗೆ ಬೇಡ, ಕಾಣದಿದ್ದರೆ ಚೆಂಡು ಹಾಕಿದ ತಂಡಕ್ಕೆ ಫ್ರೀ ಕಿಕ್ ಕೊಟ್ಟು ಆಟ ಸಾಗಿಸಲಿ. ಒಂದೇ ಪ್ರಾಪ್ ಮತ್ತೆ ಮತ್ತೆ ಬಿದ್ದರೆ ಹಳದಿ ಕಾರ್ಡ್ ಹೇಗೂ ಇದೆ.

ರೆಫರಿಯ ಕಣ್ಣು

ಅನುಭವಿ ರೆಫರಿಗಳು ಬಿದ್ದ ಮೇಲೆ ನೋಡುವುದಕ್ಕಿಂತ ಕೂಡುವ ಮೊದಲು ನೋಡುವುದೇ ಹೆಚ್ಚು. ಪಾದಗಳ ಅಂತರ, ಸೊಂಟದ ಎತ್ತರ, ಕಿವಿಗೆ ಕಿವಿ ಸಮೀಪವಿದೆಯೇ, ಹಿಡಿತ ಉದ್ದವಿದೆಯೇ, ಎರಡೂ ಕಡೆ ಅಲುಗದೆ ನೇರ ನಿಂತಿವೆಯೇ. ಶುರು ಕೆಟ್ಟರೆ ಕೊನೆ ಕೆಡುತ್ತದೆ. ಮೊದಲ ಒಂದೆರಡು ಸ್ಕ್ರಮ್‌ಗಳಲ್ಲಿ ಗಟ್ಟಿಯಾಗಿ ನಿಂತ ರೆಫರಿಗೆ ಉಳಿದ ಪಂದ್ಯ ಹಗುರ. ಇದರ ಕೆಡುಕೂ ಇದೆ. ಮೊದಲ ಸ್ಕ್ರಮ್‌ನಲ್ಲಿ ಯಾರು ಬಲಶಾಲಿ ಎಂಬ ಚಿತ್ರ ಮನಸ್ಸಿಗೆ ಬಿದ್ದರೆ, ಆಮೇಲಿನ ಗೊಂದಲದ ಕುಸಿತಗಳೆಲ್ಲ ಬಲಹೀನನ ಲೆಕ್ಕಕ್ಕೆ ಹೋಗುತ್ತವೆ. ತಂಡಗಳ ತರಬೇತುದಾರರಿಗೆ ಇದು ಗೊತ್ತು, ಅದಕ್ಕೇ ಮೊದಲ ಸ್ಕ್ರಮ್‌ಗೆ ಅಷ್ಟು ಸಿದ್ಧತೆ.

ದೊಡ್ಡ ಪಂದ್ಯಗಳಲ್ಲಿ ಆಚೆ ಬದಿಯನ್ನು ಸಹಾಯಕ ರೆಫರಿ ನೋಡಿ ಕಿವಿಯಲ್ಲಿ ಹೇಳುತ್ತಾರೆ. ಕ್ಯಾಮೆರಾಗಳಿವೆ. ಆದರೆ ಕ್ರಿಕೆಟ್‌ನ ಎಲ್‌ಬಿಡಬ್ಲ್ಯುಗೆ ಡಿಆರ್‌ಎಸ್ ಕೊಟ್ಟಂಥ ಉತ್ತರವನ್ನು ಸ್ಕ್ರಮ್‌ಗೆ ಯಾವ ಯಂತ್ರವೂ ಕೊಟ್ಟಿಲ್ಲ. ಚೆಂಡಿನ ಹಾದಿಯನ್ನು ಅಳೆಯಬಹುದು, ಯಾರು ಮೊದಲು ನೇರ ತಪ್ಪಿದರು, ಯಾರ ತೂಕ ಯಾರನ್ನು ಎಳೆಯಿತು ಎಂಬುದನ್ನು ನಿಧಾನಗತಿಯ ಚಿತ್ರವೂ ಎರಡು ರೀತಿ ಹೇಳುತ್ತದೆ.

ಇತ್ಯರ್ಥವಾಗದೆ ಉಳಿದವು

ಕುಸಿತದ ಕಾರಣ ತಿಳಿಯದಿದ್ದಾಗ ರೆಫರಿ ಏನು ಮಾಡಬೇಕು ಎಂಬುದೇ ಮೊದಲ ಪ್ರಶ್ನೆ. ಮರುಸ್ಕ್ರಮ್ ಸಮಯ ತಿನ್ನುತ್ತದೆ ಮತ್ತು ಇನ್ನೊಂದು ಕುಸಿತದ ಅಪಾಯ ತರುತ್ತದೆ, ಊಹೆಯ ಪೆನಾಲ್ಟಿ ಅನ್ಯಾಯ ತರುತ್ತದೆ, ಫ್ರೀ ಕಿಕ್ ಬೀಳಿಸುವವನಿಗೆ ರಿಯಾಯಿತಿಯಾಗಬಹುದು. ಮೂರರಲ್ಲಿ ಯಾವುದು ಕುಸಿತಗಳನ್ನು ನಿಜಕ್ಕೂ ಇಳಿಸುತ್ತದೆ ಎಂಬುದನ್ನು ಪೂರ್ತಿ ಋತುವೊಂದರ ಪ್ರಯೋಗವಷ್ಟೇ ಹೇಳಬಲ್ಲದು.

ಬದಲಿ ಆಟಗಾರರ ಪ್ರಶ್ನೆಯೂ ಬಾಕಿಯಿದೆ. ದ್ವಿತೀಯಾರ್ಧದಲ್ಲಿ ಇಡೀ ಮುಂದಿನ ಸಾಲನ್ನೇ ಹೊಸಬರಿಂದ ತುಂಬಿದರೆ ದಣಿದವರ ಮೇಲೆ ತಾಜಾ ಬಲ ಬೀಳುತ್ತದೆ. 2021ರಲ್ಲಿ ಇಯಾನ್ ಮೆಕ್‌ಗೀಕನ್, ವಿಲ್ಲಿ ಜಾನ್ ಮೆಕ್‌ಬ್ರೈಡ್ ಮುಂತಾದ ಹಿರಿಯರು ಇದನ್ನು ತಡೆಯುವಂತೆ ವರ್ಲ್ಡ್ ರಗ್ಬಿಗೆ ಬಹಿರಂಗ ಪತ್ರ ಬರೆದರು. ಬದಲಿಗಳನ್ನು ಕಡಿಮೆ ಮಾಡಿದರೆ ದಣಿದ ಪ್ರಾಪ್ ಎಂಬತ್ತು ನಿಮಿಷ ತಳ್ಳುವಾಗ ಕುಸಿತ ಹೆಚ್ಚಬಹುದು ಎಂಬ ಎದುರುವಾದವೂ ಅಷ್ಟೇ ಗಟ್ಟಿ.

ಇನ್ನು ಶನಿವಾರ ಮಧ್ಯಾಹ್ನ ಹಳ್ಳಿ ಕ್ಲಬ್‌ನ ಕೆಸರಿನ ಮೈದಾನದಲ್ಲಿ ಒಬ್ಬನೇ ನಿಲ್ಲುವ ರೆಫರಿ. ಅವನಿಗೆ ಸಹಾಯಕರಿಲ್ಲ, ಕಿವಿಯಲ್ಲಿ ದನಿಯಿಲ್ಲ, ಪ್ರಾಪ್ ಆಗಿ ಆಡಿದ ಅನುಭವವೂ ಇಲ್ಲದಿರಬಹುದು. ಕೋರ್ಟು ಹೊಣೆ ಹೊರಿಸಿದ್ದು ಅಂಥವರ ಮೇಲೆಯೇ. ವಿಶ್ವಕಪ್‌ಗೂ ಅವನ ಪಂದ್ಯಕ್ಕೂ ಒಂದೇ ತಳ್ಳಾಟದ ನಿಯಮ ಇರಬೇಕೋ, ಕಿರಿಯರಿಗೆ ಇಟ್ಟ ಒಂದೂವರೆ ಮೀಟರ್ ಮಿತಿ ಹವ್ಯಾಸಿ ದೊಡ್ಡವರಿಗೂ ಬರಬೇಕೋ ಎಂಬುದರ ಬಗ್ಗೆ ರಗ್ಬಿ ದೇಶಗಳು ಇನ್ನೂ ಒಂದು ಮಾತಿಗೆ ಬಂದಿಲ್ಲ.